ಮುನಿಯಣ್ಣನ ಬಲಗಾಲಿನ ನಡುಕ

ಇಟ್ಟಮಡುವಿನ ಮುನಿಯಣ್ಣನಿಗೆ ಐವತ್ತಮೂರು ವರ್ಷ. ಅದರಲ್ಲಿ ಇಪ್ಪತ್ತೇಳು ವರ್ಷವನ್ನು ಅವನ ಬಲಗಾಲು ಬ್ರೇಕಿನ ಮೇಲೆಯೇ ಕಳೆದಿತ್ತು. ಆ ಕಾಲಿಗೆ ಜಯನಗರದ ಎಲ್ಲ ಹಳ್ಳಕೊಳ್ಳಗಳೂ ಗೊತ್ತು, ಮನೆಯ ಹೊಸಿಲೊಂದೇ ಗೊತ್ತಿಲ್ಲ, ದಿನಕ್ಕೊಮ್ಮೆ ಎಡವುತ್ತದೆ ಎಂದು ಹೆಂಡತಿ ತಿಮ್ಮಕ್ಕ ಆಡಿಕೊಳ್ಳುತ್ತಿದ್ದಳು. ಅಂಥ ಅನುಭವಸ್ಥ ಕಾಲಿಗೆ ಸಾವಿರದ ಒಂಬೈನೂರ ಎಂಬತ್ತೇಳರ ಮೇ ತಿಂಗಳಲ್ಲಿ ಏನೋ ಆಯಿತು.

ಮುನಿಯಣ್ಣ ಡ್ರೈವರ್ ಕೆಲಸಕ್ಕಿದ್ದದ್ದು ಜಯನಗರದ ಚಕ್ರಪಾಣಿಯವರ ಮನೆಯಲ್ಲಿ. ಹೆಸರಿಗೆ ಚಕ್ರಪಾಣಿಯಾದರೂ ಅವರು ಸ್ಟಿಯರಿಂಗ್ ಚಕ್ರಕ್ಕೆ ಪಾಣಿ ತಾಕಿಸಿದವರಲ್ಲ. ಹಿಂದಿನ ಸೀಟು, ಕೈಯಲ್ಲಿ ಪೇಪರು, ಇಷ್ಟೇ ಅವರ ಕಾರು. ಹಳೆಯ ಕಪ್ಪು ಅಂಬಾಸಿಡರ್ ಇನ್ನೂ ಶೆಡ್ಡಿನಲ್ಲಿತ್ತು. ಅದರ ಪಕ್ಕಕ್ಕೆ ಆ ವರ್ಷ ಒಂದು ಬಿಳಿ ಕಾರು ಬಂತು. ಇಲ್ಲಿಯ ಕಾರ್ಖಾನೆಯೊಂದರಲ್ಲಿದ್ದ ವಿದೇಶಿ ಎಂಜಿನಿಯರೊಬ್ಬರು ಹೊರಗಿನಿಂದ ತರಿಸಿ, ತಮ್ಮ ದೇಶಕ್ಕೆ ಮರಳುವಾಗ ಮಾರಿದ್ದು. ಚಕ್ರಪಾಣಿ ಅದರ ಸೀಟಿಗೆ ಹೊಸದಾಗಿ ಪ್ಲಾಸ್ಟಿಕ್ ಹೊದಿಸಿದರು. ಡ್ಯಾಶ್‌ಬೋರ್ಡಿಗೊಂದು ಗಣಪತಿ ಅಂಟಿಸಿದರು. ಕಾರಿನ ಜೊತೆ ಬಂದ ದಪ್ಪ ಪುಸ್ತಕ ಕೊಳೆಯಾಗದಿರಲೆಂದು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಮುನಿಯಣ್ಣ ಚಪ್ಪಲಿ ಹಾಕಿಕೊಂಡು ಕಾರು ಓಡಿಸುವವನಲ್ಲ. ಚಪ್ಪಲಿ ಬಿಟ್ಟು ಡಿಕ್ಕಿಗೆ ಹಾಕಿ, ಸ್ಟಿಯರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡು, ಬರಿಗಾಲಲ್ಲಿ ಪೆಡಲು ಮುಟ್ಟುವುದು ಅವನ ಕ್ರಮ. "ಅಂಗಾಲಿಗೆ ತಿಳಿಯೋದು ಬೂಟಿಗೆ ತಿಳಿಯಲ್ಲ" ಎನ್ನುತ್ತಿದ್ದ. ಮಳೆಯಲ್ಲಿ ಅಂಬಾಸಿಡರ್ ನಿಲ್ಲಿಸುವುದರಲ್ಲಿ ಅವನನ್ನು ಮೀರಿಸುವವರೇ ಇರಲಿಲ್ಲ. ಒಂದೇ ಸಲ ಗಟ್ಟಿಯಾಗಿ ಒತ್ತಿದರೆ ಚಕ್ರ ಕಚ್ಚಿಕೊಂಡು ಕಾರು ಜಾರುತ್ತದಲ್ಲ, ಅದಕ್ಕೆ ಅವನು ಒತ್ತಿ ಬಿಡುತ್ತಿದ್ದ, ಒತ್ತಿ ಬಿಡುತ್ತಿದ್ದ. ಪುಸ್ಸಕ್, ಪುಸ್ಸಕ್, ಪುಸ್ಸಕ್. ಸೈಕಲ್ ಪಂಪು ಹೊಡೆದ ಹಾಗೆ. ಅದಕ್ಕೇ ಅವನಿಗೆ ಸ್ನೇಹಿತರ ನಡುವೆ 'ಪಂಪು ಮುನಿಯಣ್ಣ' ಎಂಬ ಬಿರುದು.

ಮೇ ತಿಂಗಳ ಒಂದು ಸಂಜೆ ಸಣ್ಣ ಮಳೆ ಬಿದ್ದು ನಿಂತಿತ್ತು. ರಸ್ತೆಯ ತುಂಬ ಗುಲ್‌ಮೊಹರ್ ಹೂವು ಉದುರಿ, ನೆಂದು, ಕೆಂಪು ಕೆಸರಾಗಿತ್ತು. ಚಕ್ರಪಾಣಿ ಹಿಂದೆ ಪೇಪರಿನೊಳಗಿದ್ದರು. ತಿರುವಿನಿಂದ ಮಾವಿನಹಣ್ಣಿನ ತಳ್ಳುಗಾಡಿಯೊಂದು ಸರಕ್ಕನೆ ಎದುರಿಗೆ ಬಂತು. ಮುನಿಯಣ್ಣ ಬ್ರೇಕ್ ಒತ್ತಿದ.

ಕಾಲ ಕೆಳಗೆ ಗರ್‌ರ್‌ರ್‌ರ್ ಎಂದಿತು. ಅಂಗಾಲು ಟಕಟಕಟಕ ನಡುಗಿತು. ನಡುಕ ಮೊಣಕಾಲಿಗೆ ಏರಿತು. ಗಾಬರಿಯಲ್ಲಿ ಮುನಿಯಣ್ಣ ಕಾಲೆತ್ತಿಬಿಟ್ಟ. ಕಾರು ಸುಮ್ಮನೆ ಮುಂದಕ್ಕೆ ತೇಲಿತು. ಅವನು ಮತ್ತೆ ಒತ್ತಿದ, ಮತ್ತೆ ನಡುಗಿತು, ಮತ್ತೆ ಬಿಟ್ಟ. ಕೊನೆಗೆ ಕಾರಿನ ಮೂತಿ ಗಾಡಿಗೆ ಮುತ್ತಿಟ್ಟು ನಿಂತಿತು. ನಾಲ್ಕು ಹಣ್ಣು ಉರುಳಿದವು.

"ಕಣ್ಣು ಮನೇಲಿ ಬಿಟ್ಟು ಬಂದ್ಯೇನಣ್ಣಾ!" ಎಂದ ಗಾಡಿಯವನು.

ಮುನಿಯಣ್ಣ ಇಳಿದು ಎರಡು ಡಜನ್ ಹಣ್ಣು ಕೊಂಡ. ಚಕ್ರಪಾಣಿ ಪೇಪರಿನ ಮೇಲಿಂದ ಇಣುಕಿ, "ಓ, ಮಾವಿನಹಣ್ಣಿಗೆ ನಿಲ್ಲಿಸಿದ್ಯಾ? ಒಳ್ಳೇದಾಯ್ತು" ಎಂದು ಮತ್ತೆ ಒಳಗೆ ಹೋದರು.

ಎಂಟು ದಿನದಲ್ಲಿ ಹೀಗೆಯೇ ಇನ್ನೊಂದು ಸಲವಾಯಿತು. ಈ ಸಲ ಜೆ.ಪಿ. ನಗರದ ಕಡೆ, ಹೊಸ ರಸ್ತೆಗೆ ಸುರಿದಿದ್ದ ಜಲ್ಲಿಯ ಮೇಲೆ. ಎದುರಿಗೆ ಎಮ್ಮೆ. ಅದೇ ಗರ್‌ರ್, ಅದೇ ನಡುಕ. ಎಮ್ಮೆ ತಾನಾಗಿ ಸರಿದದ್ದರಿಂದ ಉಳಿಯಿತು.

ಅವತ್ತು ಸಂಜೆ ಮುನಿಯಣ್ಣ ಟೀ ಅಂಗಡಿಯಲ್ಲಿ ಟೆಂಪೋ ಓಡಿಸುವ ಯಲ್ಲಯ್ಯನ ಪಕ್ಕ ಕೂತು ಮೆಲ್ಲಗೆ ವಿಷಯ ತೆಗೆದ. ತನ್ನದೆಂದು ಹೇಳಲಿಲ್ಲ. "ನಮ್ ಪೈಕಿ ಒಬ್ರಿಗೆ, ಬ್ರೇಕ್ ಒತ್ತಿದ್ರೆ ಕಾಲು ನಡುಗ್ತದಂತೆ" ಎಂದ.

ಯಲ್ಲಯ್ಯನಿಗೆ ಯಾವ ಕಾಯಿಲೆಗಾದರೂ ಒಬ್ಬ ದೊಡ್ಡಪ್ಪ ಇದ್ದೇ ಇರುತ್ತಿದ್ದ. "ಅಯ್ಯೋ ಗುರು, ಮುಗೀತು ಅವನ ಕತೆ. ನಮ್ ದೊಡ್ಡಪ್ಪಂಗೂ ಇಂಗೇ ಶುರುವಾಗಿದ್ದು. ಲಾರಿ ಓಡಿಸ್ತಿದ್ದ. ಮೊದ್ಲು ಬಲಗಾಲು. ಆಮೇಲೆ ಎಡಗಾಲು. ಆಮೇಲೆ ಕೈ. ಕೊನೇಗೆ ಟೀ ಲೋಟ ಇಡ್ಕೊಂಡ್ರೆ ಟೀ ಕುಡಿಯೋದು ಅವನಲ್ಲ, ಅವನ ಪಂಚೆ!"

ಮುನಿಯಣ್ಣ ತನ್ನ ಕೈಯಲ್ಲಿದ್ದ ಲೋಟವನ್ನೇ ನೋಡಿದ. ಸ್ವಲ್ಪ ಅಲುಗಿದಂತೆ ಕಂಡಿತು. ಪೂರ್ತಿ ಕುಡಿಯದೆ ಎದ್ದ.

ಆಮೇಲೆ ಬಿಳಿ ಕಾರು ಇಪ್ಪತ್ತು ಕಿಲೋಮೀಟರ್ ವೇಗ ದಾಟಲಿಲ್ಲ. ಚಕ್ರಪಾಣಿಯವರ ತಾಯಿ ಸೀತಮ್ಮ ಒಂದು ದಿನ ಹಿಂದಿನ ಸೀಟಿನಿಂದ, "ಮುನಿಯಣ್ಣ, ಈಗ ನಮ್ಮನ್ನ ದಾಟಿ ಹೋಗಿದ್ದು ಎತ್ತಿನಗಾಡಿ. ಎತ್ತು ತಿರುಗಿ ನೋಡಿ ನಕ್ಕಿತು" ಎಂದರು. ಮುನಿಯಣ್ಣ ನಗಲಿಲ್ಲ. ಬೇರೆಯವರ ಮನೆಯ ತಾಯಿಯನ್ನು, ಮಕ್ಕಳನ್ನು ಕೂರಿಸಿಕೊಂಡು ಓಡಿಸುವ ಕಾಲು ಇದು. ಇದರಲ್ಲೇ ನಂಬಿಕೆಯಿಲ್ಲದ ಮೇಲೆ ಸೀಟಿನಲ್ಲಿ ಕೂರುವುದು ಮೋಸ. ಈ ತಿಂಗಳ ಕೊನೆಗೆ ಬೀಗದಕೈ ಕೊಟ್ಟುಬಿಡಬೇಕು. ಆಮೇಲೆ ಏನು ಮಾಡುವುದು? ಬೇರೆ ಕೆಲಸ ಅವನಿಗೆ ಬರುತ್ತಿರಲಿಲ್ಲ. ಬೇರೆ ಕೆಲಸ ಬೇಕಾಗಿಯೂ ಇರಲಿಲ್ಲ.

ಮನೆಯಲ್ಲಿ ತಿಮ್ಮಕ್ಕನಿಗೆ ಮೊದಲ ಅನುಮಾನ ಮಾವಿನಹಣ್ಣಿನಿಂದಲೇ ಬಂದಿತ್ತು. ಮದುವೆಯಾದಾಗಿನಿಂದ ಒಂದು ಡಜನ್ ಬಾಳೆಹಣ್ಣನ್ನೂ ತಾನಾಗಿ ತಂದವನಲ್ಲ ಅವನು. ಈಗ ನೋಡಿದರೆ ದಿನಾ ಸಂಜೆ ಬಲಗಾಲಿಗೆ ಹರಳೆಣ್ಣೆ ಹಚ್ಚಿಸಿಕೊಂಡು, ಕಾಲನ್ನು ಮಣೆಯ ಮೇಲಿಟ್ಟು, ಕಳ್ಳನನ್ನು ಕಾಯುವವನ ಹಾಗೆ ಅದನ್ನೇ ನೋಡುತ್ತ ಕೂರುತ್ತಾನೆ. ಗದರಿಸಿ ಕೇಳಿದಾಗ ಬಾಯಿಬಿಟ್ಟ.

"ನಡುಗ್ತದಾ? ಎಲ್ಲಿ, ನಡುಗಿಸು ನೋಡಾನ" ಎಂದು ತಿಮ್ಮಕ್ಕ ಕಾಲಿನ ಮೇಲೆ ಕೈಯಿಟ್ಟು ಕೂತಳು. ಕಾಲುಗಂಟೆ ಕಳೆಯಿತು. "ಬಂಡೆ ಇದ್ದಂಗೈತೆ ಕಣಯ್ಯ!"

"ನೀನು ಕೂತಿದ್ದೀಯ ಅಂತ ಅದಕ್ಕೆ ಗೊತ್ತು. ಅದಕ್ಕೇ ಸುಮ್ನಿದೆ."

"ನಂಗೆ ಎದರೋದು ನಿನ್ ಕಾಲಾದ್ರೂ ಒಂದೈತಲ್ಲ, ಸಂತೋಸ" ಎಂದಳು ತಿಮ್ಮಕ್ಕ. ಆದರೆ ನಗುತ್ತಿರಲಿಲ್ಲ. "ನಾಳೆ ನಾನೂ ಬತ್ತೀನಿ. ಸೀತಮ್ಮಾರ್ ತಾವ ಏಳಿಬಿಡು. ಎಲ್ಲಾನೂ ಓದ್ಕೊಂಡಿರೋರು."

ಸೀತಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಮುದ್ರಿತವಾದದ್ದು ಯಾವುದೇ ಕೈಗೆ ಸಿಗಲಿ, ಪಂಚಾಂಗವಾಗಲಿ, ಔಷಧಿ ಬಾಟಲಿಯೊಳಗಿನ ಚೀಟಿಯಾಗಲಿ, ಮೊದಲಿನಿಂದ ಕೊನೆವರೆಗೆ ಓದಿಯೇ ಕೆಳಗಿಡುವರು. ಊರಿನಲ್ಲಿ ಎಲ್ಲರನ್ನೂ 'ನೀನು' ಎನ್ನುವ ಅವರು ಮುನಿಯಣ್ಣನನ್ನು ಮಾತ್ರ 'ನೀವು' ಎನ್ನುತ್ತಿದ್ದರು. ಅದಕ್ಕೆ ಕಾರಣವಿತ್ತು. ಇಪ್ಪತ್ತು ವರ್ಷದ ಹಿಂದೆ ಅವರಿಗೆ ಅಂಬಾಸಿಡರ್ ಓಡಿಸಲು ಕಲಿಸಿದವನು ಅವನೇ. ಕಲಿಸಿದವರು ಕಲಿಸಿದವರೇ ಎಂಬುದು ಅವರ ಲೆಕ್ಕ.

ಮರುದಿನ ಬೆಳಿಗ್ಗೆ ಮುನಿಯಣ್ಣ ಬೀಗದಕೈಯನ್ನು ಜಗಲಿಯ ಟೀಪಾಯಿಯ ಮೇಲಿಟ್ಟ.

"ಅಮ್ಮಾವ್ರೇ, ಮುಂದಿನ ತಿಂಗ್ಳಿಂದ ಬೇರೆ ಡ್ರೈವರ್ ನೋಡ್ಕೊಳ್ಳಿ."

"ಯಾಕೆ? ನಮ್ಮನೆ ಕಾಫಿ ಕೆಟ್ಟುಹೋಯ್ತಾ?"

"ಕಾಫಿ ಅಲ್ಲಮ್ಮಾ, ಕಾಲು."

ತಿಮ್ಮಕ್ಕ ಹಿಂದಿನಿಂದ ಎಲ್ಲವನ್ನೂ ಹೇಳಿದಳು. ಮಾವಿನಹಣ್ಣು, ಎಮ್ಮೆ, ಹರಳೆಣ್ಣೆ, ಯಲ್ಲಯ್ಯನ ದೊಡ್ಡಪ್ಪ, ಯಾವುದನ್ನೂ ಬಿಡಲಿಲ್ಲ. ಸೀತಮ್ಮ ಕನ್ನಡಕ ಸರಿಮಾಡಿಕೊಂಡರು. ತರಗತಿ ಶುರುವಾಯಿತು.

"ಮಲಗಿದಾಗ ನಡುಗತ್ತಾ?"

"ಇಲ್ಲಮ್ಮಾ."

"ಮೆಟ್ಟಿಲು ಹತ್ತುವಾಗ?"

"ಇಲ್ಲ."

"ಮೊನ್ನೆ ಮಳೇಲಿ ಹಳೇ ಅಂಬಾಸಿಡರ್ ತಗೊಂಡು ಹಿಟ್ಟಿನ ಗಿರಣಿಗೆ ಹೋಗಿದ್ರಲ್ಲ, ಆಗ?"

ಮುನಿಯಣ್ಣ ಯೋಚಿಸಿದ. "ಆಗ್ಲೂ ಇಲ್ಲ."

"ಬಿಳಿ ಕಾರಲ್ಲಿ ನಿಧಾನಕ್ಕೆ ಬ್ರೇಕ್ ಹಾಕಿದ್ರೆ?"

"ಇಲ್ಲ. ರಸ್ತೆ ಒದ್ದೆ ಇದ್ದು, ಇಲ್ಲಾ ಜಲ್ಲಿ ಇದ್ದು, ಜೋರಾಗಿ ಅದುಮಿದ್ರೆ ಮಾತ್ರ."

"ಹಾಗಾದ್ರೆ ಭಾಳ ಬುದ್ಧಿವಂತ ಕಾಯಿಲೆ ಮುನಿಯಣ್ಣ. ಕಾರು ಯಾವುದು ಅಂತ ನೋಡತ್ತೆ, ರಸ್ತೆ ಒಣಗಿದೆಯಾ ಅಂತ ವಿಚಾರಿಸತ್ತೆ, ಆಮೇಲೆ ಬರತ್ತೆ." ಸೀತಮ್ಮ ಎದ್ದರು. "ಬನ್ನಿ, ಕಾರು ತೆಗೀರಿ. ಇಲ್ಲ, ಬೇಡ. ನಾನೇ ತೆಗೀತೀನಿ. ತಿಮ್ಮಕ್ಕ, ನೀನೂ ಹತ್ತು."

ಜೆ.ಪಿ. ನಗರದ ಕೊನೆಯ ಹಂತದಲ್ಲಿ ಆಗಿನ್ನೂ ಮನೆಗಳಿರಲಿಲ್ಲ. ಸೈಟಿನ ಕಲ್ಲುಗಳು, ಲಂಟಾನ ಪೊದೆ, ನಡುವೆ ಎಲ್ಲಿಗೂ ಹೋಗದ ನೇರ ರಸ್ತೆಗಳು. ಹಿಂದಿನ ರಾತ್ರಿಯ ಮಳೆಗೆ ರಸ್ತೆ ಒದ್ದೆಯಾಗಿತ್ತು. ಆ ಕಡೆ ಈ ಕಡೆ ಯಾರೂ ಇಲ್ಲವೆಂದು ಎರಡು ಸಲ ನೋಡಿಕೊಂಡು ಸೀತಮ್ಮ ಸೆರಗು ಸಿಕ್ಕಿಸಿದರು. ಚಪ್ಪಲಿ ಬಿಟ್ಟರು. ಮುನಿಯಣ್ಣ ಪಕ್ಕದ ಸೀಟಿನಲ್ಲಿ, ಇಪ್ಪತ್ತು ವರ್ಷದ ಹಿಂದಿನಂತೆಯೇ, ತನ್ನ ಕಡೆಯಿಲ್ಲದ ಬ್ರೇಕನ್ನು ಒತ್ತುತ್ತ ಕೂತ. ಹಿಂದೆ ತಿಮ್ಮಕ್ಕ ಪ್ಲಾಸ್ಟಿಕ್ಕಿನ ಮೇಲೆ ಜಾರದಂತೆ ಎರಡೂ ಕೈಯಲ್ಲಿ ಸೀಟು ಹಿಡಿದಳು.

ಕಾರು ನಲವತ್ತಕ್ಕೆ ಏರಿತು. ಸೀತಮ್ಮ ಎಡಗಾಲಲ್ಲಿ ಕ್ಲಚ್ಚು, ಬಲಗಾಲಲ್ಲಿ ಬ್ರೇಕು, ಎರಡನ್ನೂ ಒಟ್ಟಿಗೆ ಬಲವಾಗಿ ಅದುಮಿದರು.

ಗರ್‌ರ್‌ರ್‌ರ್‌ರ್!

"ಅಯ್ಯಯ್ಯೋ, ನನ್ನ ಕಾಲೂ ನಡುಗ್ತಿದೆ ಮುನಿಯಣ್ಣ!" ಎಂದು ಸೀತಮ್ಮ ಕೂಗಿದರು. ಕಾರು ನೇರವಾಗಿ, ಅತ್ತಿತ್ತ ಓಲಾಡದೆ ನಿಂತಿತು. ಅವರು ಹಿಂದಕ್ಕೆ ತಿರುಗಿ, "ತಿಮ್ಮಕ್ಕ, ಹರಳೆಣ್ಣೆ ನಂಗೂ ಸ್ವಲ್ಪ ಉಳಿಸಿದ್ದೀಯಾ?" ಎಂದರು.

ಮುನಿಯಣ್ಣ ಒಂದು ಕ್ಷಣ ಅವರ ಕಾಲು ನೋಡಿದ, ಒಂದು ಕ್ಷಣ ಪೆಡಲು ನೋಡಿದ. "ಹಾಗಾದ್ರೆ... ನಡುಗೋದು ಕಾಲಲ್ಲ?"

"ಪೆಡಲು. ಅದು ಕೆಟ್ಟಿಲ್ಲ. ಅದರ ಕೆಲಸವೇ ಅದು."

ರಸ್ತೆಯ ಪಕ್ಕ ಕಾರು ನಿಲ್ಲಿಸಿ ಸೀತಮ್ಮ ಹೇಳತೊಡಗಿದರು. "ಬಚ್ಚಲಲ್ಲಿ ಸೋಪಿನ ನೀರಿದೆ ಅಂತಿಟ್ಕೊಳ್ಳಿ. ಹೆಜ್ಜೆ ಹಾಕ್ತಾ ಹೋದ್ರೆ ಹೇಗೋ ಹೋಗಬಹುದು, ಬೇಕಾದ ಕಡೆ ತಿರುಗಬಹುದು. ಒಂದ್ಸಲ ಜಾರೋಕೆ ಶುರುವಾದ್ರೆ? ಎಡಕ್ಕೆ ಹೋಗ್ಬೇಕು ಅಂದ್ರೂ ಕಾಲು ಕೇಳಲ್ಲ, ಬಲಕ್ಕೆ ಅಂದ್ರೂ ಕೇಳಲ್ಲ. ಚಕ್ರವೂ ಅಷ್ಟೆ. ಉರುಳ್ತಾ ಇದ್ರೆ ಸ್ಟಿಯರಿಂಗ್ ಮಾತು ಕೇಳತ್ತೆ. ಬ್ರೇಕು ಕಚ್ಚಿ ಚಕ್ರ ಉರುಳೋದೇ ನಿಂತುಹೋದ್ರೆ, ಕಾರು ಜಾರಿಕೊಂಡು ತನಗೆ ಬೇಕಾದ ಕಡೆ ಹೋಗತ್ತೆ. ಇದನ್ನ ನಂಗೆ ಕಲಿಸಿದ್ದು ಯಾರು?"

"ನಾನೇ" ಎಂದ ಮುನಿಯಣ್ಣ ಸಂಕೋಚದಿಂದ. "ಅದಕ್ಕೇ ಒತ್ತಿ ಬಿಡಿ, ಒತ್ತಿ ಬಿಡಿ ಅಂತಿದ್ದೆ."

"ಹೂಂ. ಈ ಕಾರಿನ ಪ್ರತಿ ಚಕ್ರದ ಹತ್ರ ಒಂದು ಸಣ್ಣ ಸಾಧನ ಇದೆ. ಚಕ್ರ ಇನ್ನೇನು ಕಚ್ಚಿಕೊಳ್ಳತ್ತೆ ಅನ್ನೋದನ್ನ ಅದು ಕಂಡುಹಿಡಿಯತ್ತೆ. ತಕ್ಷಣ ಯಂತ್ರ ಬ್ರೇಕನ್ನ ಸಡಿಲ ಮಾಡತ್ತೆ, ಮತ್ತೆ ಹಿಡಿಯತ್ತೆ, ಮತ್ತೆ ಸಡಿಲ, ಮತ್ತೆ ಹಿಡಿತ. ಇದಕ್ಕೆ ಆ್ಯಂಟಿ-ಲಾಕ್ ಬ್ರೇಕ್ ಸಿಸ್ಟಮ್ ಅಂತ ಹೆಸರು. ಚುಟುಕಾಗಿ ಎ.ಬಿ.ಎಸ್. ನೀವು ಕಾಲಲ್ಲಿ ಒಂದು ಸೆಕೆಂಡಿಗೆ ಎಷ್ಟು ಸಲ ಒತ್ತಿ ಬಿಡಬಹುದು?"

"ಎರಡು. ಜೀವ ಬಾಯಿಗೆ ಬಂದ್ರೆ ಮೂರು."

"ಇದು ಎಷ್ಟೋ ಪಟ್ಟು ಬೇಗ ಮಾಡತ್ತೆ. ಆ ಟಕಟಕಟಕ ನಿಮ್ಮ ಅಂಗಾಲಿಗೆ ಬಡಿಯೋದು ಅದೇ. ಗರ್‌ರ್ ಅನ್ನೋ ಸದ್ದೂ ಅದೇ. ನೀವು ಮಾಡ್ತಿದ್ದ ಕೆಲಸವನ್ನೇ ಅದು ಮಾಡ್ತಿದೆ."

"ಮತ್ತೆ ನಾನೂ ಮಾಡಿದ್ರೆ?"

"ನೀವು ಕಾಲೆತ್ತಿದ ತಕ್ಷಣ, 'ಓಹೋ, ಇವರಿಗೆ ನಿಲ್ಲೋದು ಬೇಡವಂತೆ' ಅಂದ್ಕೊಂಡು ಅದು ಕೆಲಸ ನಿಲ್ಲಿಸತ್ತೆ. ಅದಕ್ಕೇ ಅವತ್ತು ಕಾರು ಮುಂದಕ್ಕೆ ಹೋಗಿದ್ದು. ಇದರಲ್ಲಿ ಪಂಪು ಮಾಡಬಾರದು. ಒಂದೇ ಸಲ ಬಲವಾಗಿ ಅದುಮಬೇಕು. ನಡುಗಲಿ, ಗುರುಗುಟ್ಟಲಿ, ಕಾರು ನಿಲ್ಲೋವರೆಗೆ ಕಾಲು ತೆಗೀಬಾರದು. ಕೈಯಲ್ಲಿ ಸ್ಟಿಯರಿಂಗ್ ತಿರುಗಿಸಿ ಅಡ್ಡ ಬಂದದ್ದನ್ನ ತಪ್ಪಿಸಬೇಕು."

ಮುನಿಯಣ್ಣನಿಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ಅದರ ಅಡಿಯಲ್ಲಿ ಇನ್ನೇನೋ ಚುಚ್ಚಿತು. "ಅಂದ್ರೆ, ಇಪ್ಪತ್ತೇಳು ವರ್ಷದಲ್ಲಿ ನಾನು ಕಲಿತಿದ್ದನ್ನ ಒಂದು ಡಬ್ಬ ಮಾಡತ್ತೆ. ಇನ್ನು ನಾನ್ಯಾಕೆ?"

"ಡಬ್ಬಕ್ಕೆ ಚಕ್ರ ಗೊತ್ತು, ರಸ್ತೆ ಗೊತ್ತಾ?" ಎಂದರು ಸೀತಮ್ಮ. "ಮಳೇಲಿ ಮುಂದಿನ ಗಾಡಿಯಿಂದ ಎಷ್ಟು ದೂರ ಇರ್ಬೇಕು ಅಂತ ಅದಕ್ಕೆ ಗೊತ್ತಾ? ನಿಂತಿರೋ ಬಸ್ಸಿನ ಮರೆಯಿಂದ ಯಾರೋ ಓಡಿಬರ್ತಾರೆ ಅಂತ ಮೊದಲೇ ಕಾಲು ಬ್ರೇಕಿನ ಹತ್ರ ಇಡೋದು ಗೊತ್ತಾ? ಜಲ್ಲಿ ಮೇಲೆ, ಸಡಿಲ ಮಣ್ಣಿನ ಮೇಲೆ ಈ ಬ್ರೇಕಿದ್ರೂ ಕಾರು ಇನ್ನೂ ಸ್ವಲ್ಪ ಮುಂದೇ ಹೋಗಿ ನಿಲ್ಲಬಹುದು ಅಂತ ಪುಸ್ತಕದಲ್ಲೇ ಬರೆದಿದ್ದಾರೆ. ಅಲ್ಲಿ ಮೊದಲೇ ನಿಧಾನ ಮಾಡೋರು ನೀವು, ಡಬ್ಬ ಅಲ್ಲ."

ತಿಮ್ಮಕ್ಕ ಹಿಂದಿನಿಂದ ಬಾಯಿ ಹಾಕಿದಳು. "ಪುಸ್ತಕದಲ್ಲಿ ಬರ್ದೈತಾ ಅಮ್ಮಾ? ಮತ್ತೆ ಇವ್ನಿಗೆ ಯಾಕೆ ಯಾರೂ ಏಳ್ಲಿಲ್ಲ?"

ಸೀತಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

"ಒಳ್ಳೇ ಪ್ರಶ್ನೆ ತಿಮ್ಮಕ್ಕ. ಪುಸ್ತಕ ನಮ್ಮ ಬೀರುವಿನಲ್ಲಿ, ಪೆಡಲು ಇವರ ಕಾಲಡಿಯಲ್ಲಿ. ಚಕ್ರಪಾಣಿ ಬೀಗ ಹಾಕೋ ಮೊದಲು ನಾನು ಪೂರ್ತಿ ಓದಿದ್ದೆ. ಮುನಿಯಣ್ಣನಿಗೆ ನಾನೇನು ಬ್ರೇಕಿನ ಪಾಠ ಹೇಳೋದು ಅಂತ ಸುಮ್ಮನಿದ್ದೆ. ಮರ್ಯಾದೆ ಅಂದ್ಕೊಂಡಿದ್ದೆ. ತಪ್ಪು."

ಅವತ್ತೇ ಬೀರುವಿನ ಬೀಗ ತೆರೆಯಿತು. ಇಂಗ್ಲಿಷಿನಲ್ಲಿದ್ದ ಬ್ರೇಕಿನ ಅಧ್ಯಾಯವನ್ನು ಸೀತಮ್ಮ ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದರು. ಕಾರು ಶುರುಮಾಡಿದಾಗ ಡ್ಯಾಶ್‌ಬೋರ್ಡಿನಲ್ಲಿ ಎ.ಬಿ.ಎಸ್. ದೀಪ ಹತ್ತಿ ಆರಬೇಕು. ಆರದೆ ಹಾಗೆಯೇ ಉಳಿದರೆ ಆ ಯಂತ್ರ ಮಲಗಿದೆ ಎಂದರ್ಥ. ಮಾಮೂಲಿ ಬ್ರೇಕು ಆಗಲೂ ಇರುತ್ತದೆ, ಆದರೆ ಚಕ್ರ ಕಚ್ಚಬಹುದು. ಆಗ ಹಳೆಯ ಪಂಪೇ ಗತಿ, ನಿಧಾನವಾಗಿ ಓಡಿಸಿ ರಿಪೇರಿಗೆ ಒಯ್ಯಬೇಕು. ಮುನಿಯಣ್ಣ ಇದನ್ನೆಲ್ಲ ಮೂರು ಸಲ ಹೇಳಿಸಿಕೊಂಡ.

ತಲೆಗೆ ತಿಳಿಯಿತು. ಕಾಲಿಗೆ ತಿಳಿಯಲಿಲ್ಲ. ಇಪ್ಪತ್ತೇಳು ವರ್ಷದ ಕಾಲು ಅದು. ಗರ್‌ರ್ ಎಂದ ಕೂಡಲೇ ತಾನಾಗಿಯೇ ಮೇಲೇಳುತ್ತಿತ್ತು. ಅದಕ್ಕಾಗಿ ದಿನಾ ಬೆಳಿಗ್ಗೆ ಆರಕ್ಕೆ ಜೆ.ಪಿ. ನಗರದ ಅದೇ ಖಾಲಿ ರಸ್ತೆಯಲ್ಲಿ ಅಭ್ಯಾಸ. ನಡುವೆ ಒಂದು ಹಳೆಯ ಮಂಕರಿ ಬುಟ್ಟಿ ಬೋರಲು ಹಾಕಿದ್ದರು. ತಿಮ್ಮಕ್ಕ ಪಕ್ಕದ ಸೀಟಿನಲ್ಲಿ ಕೂತು, ಕಾರು ಓಡುವಾಗ "ಎಮ್ಮೇ!" ಎಂದು ಕೂಗಬೇಕು, ಮುನಿಯಣ್ಣ ಬ್ರೇಕ್ ಅದುಮಿ ಮಂಕರಿಯನ್ನು ತಪ್ಪಿಸಬೇಕು. ಮೊದಲ ದಿನ ಮೂರು ಸಲವೂ ಕಾಲೆತ್ತಿದ, ಮೂರು ಸಲವೂ ಮಂಕರಿ ಚಪ್ಪಟೆ. ಎರಡನೇ ದಿನ ತಿಮ್ಮಕ್ಕ ಅವನ ಮೊಣಕಾಲಿನ ಮೇಲೆ ತನ್ನ ಕೈಯನ್ನೇ ಅದುಮಿ ಹಿಡಿದಳು.

"ತಗೀಬೇಡ! ತಗೀಬೇಡ! ಇನ್ನೂ ತಗೀಬೇಡ ಅಂದ್ನಲ್ಲಾ! ಹಾಂ, ಈಗ ತಗಿ."

"ಕಾರು ನಾನು ಓಡಿಸ್ತಿದ್ದೀನೋ ನೀನೋ?"

"ಇಷ್ಟು ದಿನ ಮನೆ ಓಡಿಸ್ದೆ. ಇದೇನ್ ಮಾ ಕಷ್ಟ!"

ಆರನೇ ದಿನ ಕೈ ಬೇಕಾಗಲಿಲ್ಲ. ಪೆಡಲು ನಡುಗಿತು, ಕಾಲು ಅಲುಗಲಿಲ್ಲ. ಕಾರು ಮಂಕರಿಯ ಪಕ್ಕದಲ್ಲಿ ಹಾಯ್ದು ನೆಟ್ಟಗೆ ನಿಂತಿತು. ಮುನಿಯಣ್ಣ ಇಳಿದು ಬಂದು ಬ್ರೇಕಿನ ಪೆಡಲನ್ನು ಬಗ್ಗಿ ನೋಡಿ, "ಮಾಡ್ತೀಯ ಬಿಡು ಕೆಲಸಾನ" ಎಂದ.

ಟೀ ಅಂಗಡಿಯಲ್ಲಿ ಯಲ್ಲಯ್ಯನಿಗೆ ಈಗ ನಿಜ ಹೇಳಲೇಬೇಕಾಯಿತು. ಆ್ಯಂಟಿ-ಲಾಕ್ ಎಂದದ್ದೇ ತಡ, ಅವನು, "ಯಾವ ಆಂಟಿ ಗುರು? ಯಾಕೆ ಲಾಕ್ ಮಾಡಿದ್ಲು?" ಎಂದ. ಪೂರ್ತಿ ಕೇಳಿದ ಮೇಲೆ ಮುಖ ಹುಳಿ ಮಾಡಿದ. "ನಂಗ್ಯಾಕೋ ಸರಿ ಕಾಣ್ತಿಲ್ಲ. ಅದ್ರ ಫ್ಯೂಸ್ ಎಲ್ಲೈತೆ ನೋಡಿ ಕಿತ್ತಾಕು. ನಡುಕಾನೂ ಇಲ್ಲ, ಗುರುಗುರೂನೂ ಇಲ್ಲ. ನೀನುಂಟು, ನಿನ್ನ ಪಂಪುಂಟು."

"ಮಗು ಅಳ್ತದೆ ಅಂತ ಬಾಯಿಗೆ ಬಟ್ಟೆ ತುರುಕ್ತೀಯೇನೋ?" ಎಂದ ಮುನಿಯಣ್ಣ. "ಅದು ನಡುಗೋದು ಕಾಯಿಲೆಗಲ್ಲ, ದುಡಿಯೋದಕ್ಕೆ. ಫ್ಯೂಸ್ ಕಿತ್ರೆ ಜಾರೋ ಹೊತ್ತಲ್ಲಿ ಕಾಪಾಡೋರು ಯಾರು?"

"ಅಂಗಾದ್ರೆ ನಾನೂ ನಾಳೆಯಿಂದ ಟೆಂಪೋನ ಒಂದೇ ಸಲ ಅದುಮ್ಲಾ?"

"ಬೇಡಪ್ಪಾ! ನಿನ್ನ ಟೆಂಪೋದಲ್ಲಿ ಈ ಯಂತ್ರ ಇಲ್ಲ. ಅದಕ್ಕೆ ಪಂಪೇ ಸರಿ. ಯಾವ ಗಾಡಿ ಹತ್ತಿದ್ದೀಯ ಅಂತ ಮೊದ್ಲು ತಿಳ್ಕೋ, ಆಮೇಲೆ ಕಾಲಿಡು."

ಯಲ್ಲಯ್ಯ ಒಪ್ಪಿದನೆಂದು ಹೇಳಲಾಗದು. ಆದರೆ ತನ್ನ ದೊಡ್ಡಪ್ಪನ ಹೆಸರನ್ನು ಅವತ್ತು ಮತ್ತೆ ಎತ್ತಲಿಲ್ಲ.

ಜೂನ್ ತಿಂಗಳಲ್ಲಿ ಒಂದು ಭಾನುವಾರ ಚಕ್ರಪಾಣಿ ತಾಯಿಯೊಂದಿಗೆ ತಲಘಟ್ಟಪುರದ ಕಡೆ ನೆಂಟರ ಮನೆಗೆ ಹೋಗಿ ಮರಳುತ್ತಿದ್ದರು. ಕನಕಪುರ ರಸ್ತೆ. ಮಳೆ ಹನಿಯುತ್ತಿತ್ತು. ಮುಂದೆ ಒಬ್ಬ ಹಾಲಿನವನು ಮೊಪೆಡ್ಡಿನ ಎರಡೂ ಕಡೆ ಕ್ಯಾನು ಕಟ್ಟಿಕೊಂಡು ಹೋಗುತ್ತಿದ್ದ. ಮುನಿಯಣ್ಣ ಅವನಿಂದ ಸಾಕಷ್ಟು ದೂರ ಬಿಟ್ಟೇ ಹೋಗುತ್ತಿದ್ದ. ಟ್ರ್ಯಾಕ್ಟರಿನಿಂದ ಬಿದ್ದ ಕೆಮ್ಮಣ್ಣಿನ ಕೆಸರಿನ ಮೇಲೆ ಮೊಪೆಡ್ಡಿನ ಚಕ್ರ ಜಾರಿತು. ಹಾಲಿನವನು ರಸ್ತೆಯ ನಡುವೆ ಬಿದ್ದ. ಕ್ಯಾನಿನ ಮುಚ್ಚಳ ಹಾರಿತು.

ಮುನಿಯಣ್ಣ ಅದುಮಿದ. ಗರ್‌ರ್‌ರ್‌ರ್! ಪೆಡಲು ಅಂಗಾಲನ್ನು ಗುದ್ದತೊಡಗಿತು.

ಹಿಂದಿನ ಸೀಟಿನಲ್ಲಿ ಪೇಪರು ಹಾರಿಬಿತ್ತು. ಆ ಸದ್ದನ್ನು ಚಕ್ರಪಾಣಿ ಅಂದೇ ಮೊದಲ ಸಲ ಗಮನವಿಟ್ಟು ಕೇಳಿದ್ದು. "ಮುನಿಯಣ್ಣ! ಏನೋ ಮುರೀತು! ಕಾಲೆತ್ತು! ಕಾಲೆತ್ತೋ!"

ಯಜಮಾನರ ಮಾತನ್ನು ಇಷ್ಟು ವರ್ಷದಲ್ಲಿ ಮುನಿಯಣ್ಣ ಮೀರಿದ್ದಿಲ್ಲ. ಅವನೊಳಗಿನ ಹಳೆಯ ಅಭ್ಯಾಸವೂ ಅದನ್ನೇ ಕೂಗುತ್ತಿತ್ತು, ಎತ್ತು, ಎತ್ತು ಎಂದು. ಅವನು ಎತ್ತಲಿಲ್ಲ. ಇನ್ನೂ ಬಲವಾಗಿ ತುಳಿದ. ಕಣ್ಣನ್ನು ಬಿದ್ದವನ ಮೇಲಿಂದ ತೆಗೆದು ಪಕ್ಕದ ಖಾಲಿ ಜಾಗದ ಮೇಲಿಟ್ಟು ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿದ. ಗಟ್ಟಿಯಾಗಿ ಬ್ರೇಕು ಹಿಡಿದಿದ್ದರೂ ಕಾರು ಹೇಳಿದ ಮಾತು ಕೇಳಿತು. ಹಾಲಿನವನನ್ನು ಬಲಕ್ಕೆ ಬಿಟ್ಟು, ಮಣ್ಣಿನ ಅಂಚಿಗೆ ಎರಡು ಚಕ್ರ ಇಳಿಸಿ, ನಿಂತಿತು. ಕಾರಿಗೂ ಅವನ ತಲೆಗೂ ನಡುವೆ ಒಂದು ಮಾರು ಜಾಗ. ಆ ಜಾಗದಲ್ಲಿ ಹಾಲು ಹರಿಯುತ್ತಿತ್ತು.

ಮುನಿಯಣ್ಣ ಇಳಿದು ಓಡಿ ಅವನನ್ನು ಎಬ್ಬಿಸಿದ. ಮೊಣಕೈ ತರಚಿತ್ತು, ಅಷ್ಟೆ. "ನಿಮ್ ಕಾರು ಮೇಲೇ ಬಂತು ಅಂದ್ಕೊಂಡೆ ಅಣ್ಣಾ" ಎಂದು ಅವನು ಅಳುವಂತಾಗಿದ್ದ. ಮನೆಯಲ್ಲಿ ತಿಂಗಳು ತುಂಬಿದ ಹೆಂಡತಿಯಿದ್ದಾಳೆ ಎಂದ. ಸೀತಮ್ಮ ತಮ್ಮ ಹೊಸ ಟವೆಲ್ಲನ್ನು ಹರಿದು ಕೈಗೆ ಕಟ್ಟಿದರು.

ಕಾರಿಗೆ ಮರಳಿದ ಮೇಲೆ ಮುನಿಯಣ್ಣ ಹಿಂದಕ್ಕೆ ತಿರುಗಿ, "ತಪ್ಪು ತಿಳ್ಕೋಬೇಡಿ ಸಾರ್. ನೀವು ಹೇಳಿದ್ರೂ ಕಾಲೆತ್ತಲಿಲ್ಲ" ಎಂದ.

ಚಕ್ರಪಾಣಿ ರಸ್ತೆಯ ಮೇಲಿನ ಹಾಲನ್ನು ನೋಡಿದರು. ಆಮೇಲೆ ಹಿಂದಿನ ಬಾಗಿಲು ತೆಗೆದು ಇಳಿದು, ಮುಂದಿನ ಸೀಟಿಗೆ ಬಂದು ಕೂತರು.

"ಎತ್ತಿದ್ರೆ ಏನಾಗ್ತಿತ್ತು?"

"ಅವನ ಮೇಲೆ ಹೋಗ್ತಿತ್ತು ಸಾರ್."

"ಮತ್ತೆ ನಾನು ಎತ್ತು ಅಂದೆನಲ್ಲ." ಅವರ ದನಿ ಇಳಿದಿತ್ತು. "ಅಮ್ಮ ನಿನಗೆ ಹೇಳಿಕೊಟ್ಟಿದ್ದನ್ನ ನಂಗೂ ಹೇಳು ಮುನಿಯಣ್ಣ. ಮೊದಲಿನಿಂದ ಹೇಳು. ಮನೆ ಬರೋವರೆಗೆ ಸಮಯ ಇದೆ."

"ಹೇಳ್ತೀನಿ ಸಾರ್" ಎಂದ ಮುನಿಯಣ್ಣ, ಕಾರು ರಸ್ತೆಗೆ ಏರಿಸುತ್ತ. "ಮೊದ್ಲು ಇದು ತಿಳ್ಕೊಳ್ಳಿ. ನಡುಗಿತು ಅಂದ್ರೆ ಕೆಟ್ಟಿದೆ ಅಂತಲ್ಲ."

ಓದಿದವರೇ, ಕೇಳಿದವರೇ, ಈ ಕಥೆ ಮುನಿಯಣ್ಣನದಾದರೂ ಪೆಡಲು ನಿಮ್ಮ ಕಾಲಡಿಯಲ್ಲೂ ಇದೆ. ನೀವು ಓಡಿಸುವ ಗಾಡಿಯಲ್ಲಿ ಆ್ಯಂಟಿ-ಲಾಕ್ ಬ್ರೇಕಿದೆಯೇ ಇಲ್ಲವೇ ಎಂದು ಇವತ್ತೇ ಕೇಳಿ ತಿಳಿಯಿರಿ. ಇದ್ದರೆ, ಅಪಾಯ ಬಂದಾಗ ಒಮ್ಮೆಗೇ ಬಲವಾಗಿ ಅದುಮಿ, ಎಷ್ಟೇ ನಡುಗಿದರೂ ನಿಲ್ಲುವವರೆಗೆ ಕಾಲು ತೆಗೆಯಬೇಡಿ, ಕಣ್ಣು ಖಾಲಿ ದಾರಿಯ ಮೇಲಿರಲಿ. ಇಲ್ಲದಿದ್ದರೆ, ಜಾರುವ ರಸ್ತೆಯಲ್ಲಿ ಒತ್ತಿ ಬಿಡಿ, ಒತ್ತಿ ಬಿಡಿ. ಇರಲಿ ಇಲ್ಲದಿರಲಿ, ಮಳೆಯಲ್ಲಿ, ಜಲ್ಲಿಯಲ್ಲಿ, ಮುಂದಿನ ಗಾಡಿಗೂ ನಿಮಗೂ ನಡುವೆ ಅಂತರ ಹೆಚ್ಚಿರಲಿ. ಆ ಅಂತರವನ್ನು ಯಾವ ಯಂತ್ರವೂ ನಿಮ್ಮ ಪರವಾಗಿ ಬಿಡುವುದಿಲ್ಲ.

ಕಾರಿನ ಯಜಮಾನರೇ, ನಿಮಗೊಂದು ಮಾತು ಬೇರೆಯಾಗಿ. ಕಾರಿನ ಪುಸ್ತಕವನ್ನು ಬೀರುವಿನಿಂದ ಹೊರಗೆ ತೆಗೆಯಿರಿ. ನಿಮ್ಮ ಡ್ರೈವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರ ಭಾಷೆಯಲ್ಲಿ, ಬ್ರೇಕಿನ ಪುಟವನ್ನು ಓದಿ ಹೇಳಿ. ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ಆಗುವ ಕೆಲಸ. ಇವತ್ತೇ ಮಾಡಿ.